ಇಪ್ಪತ್ತನಾಲ್ಕು ವೋಲ್ಟ್ ಕೈಕೊಟ್ಟಾಗ

ಸೋಮವಾರ ಬೆಳಗ್ಗೆ ಪೀಣ್ಯದ ಶೆಡ್‌ಗಳಿಂದ ಬರುವ ಒಂದು ಬಗೆಯ ಫೋನ್ ನನಗೆ ಚೆನ್ನಾಗಿ ಪರಿಚಯ. ಶನಿವಾರ ರಾತ್ರಿಯವರೆಗೂ ತಕರಾರಿಲ್ಲದೆ ಓಡಿದ ಸಿಎನ್‌ಸಿ ಲೇತ್, ಭಾನುವಾರದ ರಜೆ ಮುಗಿಸಿ ಬಂದು ಆನ್ ಮಾಡಿದರೆ ಸ್ಕ್ರೀನೇ ಬರುವುದಿಲ್ಲ. "ಸರ, ಚಾಲೂನ ಆಗವಲ್ದು" ಅಂತ ಆಪರೇಟರ್ ಹುಡುಗ. ಅವನ ಹಿಂದೆಯೇ ಯಜಮಾನರ ದನಿ: "ಎಸ್‌ಎಂಪಿಎಸ್ ಹೋಗಿರ್ಬೇಕು ಸಾರ್, ಬರೋವಾಗ ಒಂದು ತಂದ್ಬಿಡಿ."

ತಂದಿರುತ್ತೇನೆ. ಆದರೆ ಅದನ್ನು ಚೀಲದಿಂದ ಹೊರಗೆ ತೆಗೆಯುವುದಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಹಳೆಯದನ್ನು ಡಿನ್ ರೈಲಿನಿಂದ ಎತ್ತಿ ಹೊಸದನ್ನು ಕೂರಿಸುವುದು ಹತ್ತು ನಿಮಿಷದ ಕೆಲಸ. ಸತ್ತದ್ದು ಅದೇನಾ, ಸತ್ತಿದ್ದರೆ ಯಾಕೆ ಸತ್ತಿತು, ಅದು ಇಲ್ಲದ ಹೊತ್ತಿನಲ್ಲಿ ಮಷಿನ್‌ನ ನೆನಪು ಉಳಿದಿದೆಯಾ ಎಂದು ನೋಡಿಕೊಳ್ಳುವುದರಲ್ಲೇ ಉಳಿದ ಹೊತ್ತೆಲ್ಲ ಹೋಗುತ್ತದೆ.

ಪ್ಯಾನಲ್ ಕೆಲಸ ಗೊತ್ತಿರುವ ಮೇಂಟೆನೆನ್ಸ್‌ನವರಿಗೂ, ಅವರ ಕೈಯಲ್ಲಿ ಕೆಲಸ ಮಾಡಿಸುವ ಯಜಮಾನರಿಗೂ ಇದನ್ನು ಬರೆಯುತ್ತಿದ್ದೇನೆ. ಮಲ್ಟಿಮೀಟರ್ ಹಿಡಿದು ಅಭ್ಯಾಸವಿಲ್ಲದವರು ಓದಿ ತಿಳಿದುಕೊಳ್ಳಿ, ಪ್ಯಾನಲ್ ಒಳಗೆ ಮಾತ್ರ ಕೈ ಹಾಕಬೇಡಿ.

ಮಷಿನ್‌ಗೆ ಬರುವುದು 415 ವೋಲ್ಟ್‌ನ ಮೂರು ಫೇಸ್. ಸ್ಪಿಂಡಲ್ ತಿರುಗಿಸುವುದು, ಸ್ಲೈಡ್ ಎಳೆಯುವುದು ಅದರ ಕೆಲಸ. ಯೋಚನೆ ಮಾಡುವ ಭಾಗವೆಲ್ಲ, ಅಂದರೆ ಕಂಟ್ರೋಲರ್, ಸ್ಕ್ರೀನ್, ಐ/ಓ ಕಾರ್ಡ್, ಪ್ರಾಕ್ಸಿಮಿಟಿ ಸೆನ್ಸರ್, ರಿಲೇ, ಸೊಲೆನಾಯ್ಡ್ ವಾಲ್ವ್, ನಡೆಯುವುದು 24 ವೋಲ್ಟ್ ಡಿಸಿಯಲ್ಲಿ. ಆ 24 ವೋಲ್ಟನ್ನು ಮಾಡಿಕೊಡುವ ಡಬ್ಬಿಯೇ ಎಸ್‌ಎಂಪಿಎಸ್. ಒಳಗೆ ಬಂದ 230 ವೋಲ್ಟ್ ಎಸಿಯನ್ನು ಅದು ಮೊದಲು ಸುಮಾರು 325 ವೋಲ್ಟ್ ಡಿಸಿ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಇಳಿಸಿ, ಸೋಸಿ ಹೊರಗೆ ಬಿಡುತ್ತದೆ. ಈ 325 ವೋಲ್ಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಸ್ವಿಚ್ ಆಫ್ ಮಾಡಿದ ತಕ್ಷಣ ಖಾಲಿಯಾಗುವುದಿಲ್ಲ ಎನ್ನುವುದು ಮುಂದಿನ ಮಾತಿಗೆಲ್ಲ ಬುನಾದಿ.

ಸೋಮವಾರದ ಕಾಯಿಲೆಯ ಮೂಲವೂ ಕೆಪಾಸಿಟರೇ, ಆದರೆ ಬೇರೆಯದು. ಎಸ್‌ಎಂಪಿಎಸ್‌ನ ಕತ್ತರಿಸುವ ಐಸಿಗೆ ಮೊದಲ ಉಸಿರು ಕೊಡಲು ಅದರ ಪಕ್ಕದಲ್ಲಿ ಕಡಲೆಕಾಯಿ ಗಾತ್ರದ ಒಂದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರುತ್ತದೆ. ಒಮ್ಮೆ ಶುರುವಾದರೆ ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ಸುತ್ತಿನಿಂದ ಐಸಿಗೆ ಕರೆಂಟು ಸಿಗುತ್ತಾ ಹೋಗುತ್ತದೆ. ಹಾಗಾಗಿ ಆ ಪುಟ್ಟ ಕೆಪಾಸಿಟರ್ ಅರ್ಧ ಒಣಗಿದ್ದರೂ ವಾರವಿಡೀ ಗೊತ್ತಾಗುವುದಿಲ್ಲ. ಭಾನುವಾರ ಆರಿ ತಣ್ಣಗಾದ ಮೇಲೆ ಮತ್ತೆ ಶುರು ಮಾಡುವ ತ್ರಾಣ ಅದಕ್ಕಿರುವುದಿಲ್ಲ. ಮೂರು ನಾಲ್ಕು ಸಲ ಆನ್-ಆಫ್ ಮಾಡಿದರೆ ಹೇಗೋ ಎದ್ದುಕೊಳ್ಳುತ್ತದೆ. "ಹಂಗೇ ಎರಡು ಸಲ ಆಫ್-ಆನ್ ಮಾಡಿದ್ರೆ ಬರುತ್ತೆ ಸಾರ್" ಎಂದು ಆಪರೇಟರ್ ಹೇಳಿದ ದಿನವೇ ಹೊಸ ಎಸ್‌ಎಂಪಿಎಸ್‌ಗೆ ಆರ್ಡರ್ ಕೊಡಬೇಕು. ಬಹಳ ಜನ ಕೊಡುವುದಿಲ್ಲ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯಸ್ಸು ಶಾಖದ ಲೆಕ್ಕ. ಶಾಖ 10 ಡಿಗ್ರಿ ಏರಿದಂತೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎನ್ನುವುದು ಎಲ್ಲರೂ ಬಳಸುವ ಸೂತ್ರ. ಮೈಮೇಲೆ 105 ಡಿಗ್ರಿ, 5000 ಗಂಟೆ ಎಂದು ಬರೆದ ಕೆಪಾಸಿಟರ್ 65 ಡಿಗ್ರಿಯಲ್ಲಿ ಕೆಲಸ ಮಾಡಿದರೆ ಲೆಕ್ಕಕ್ಕೆ 80,000 ಗಂಟೆ, ಅಂದರೆ ಹಗಲು ರಾತ್ರಿ ಓಡಿಸಿದರೂ ಒಂಬತ್ತು ವರ್ಷ. ಅದೇ 75 ಡಿಗ್ರಿಯಾದರೆ ನಾಲ್ಕೂವರೆ. ಪ್ಯಾನಲ್‌ನ ಫಿಲ್ಟರ್ ಜಾಲರಿಗೆ ಎಣ್ಣೆ-ದೂಳು ಹಿಡಿದು ಫ್ಯಾನ್ ಗಾಳಿ ಎಳೆಯದಿದ್ದರೆ ಈ ಹತ್ತು ಡಿಗ್ರಿ ಏರುವುದು ದೊಡ್ಡ ಮಾತಲ್ಲ. ಇನ್ನು ಬೇಸಿಗೆಯಲ್ಲಿ ಪ್ಯಾನಲ್ ಬಾಗಿಲು ತೆರೆದು ಎದುರಿಗೆ ಪೆಡೆಸ್ಟಲ್ ಫ್ಯಾನ್ ಇಡುವ ಪದ್ಧತಿಯಿದೆಯಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತಂಪೇನೋ ಆಗುತ್ತದೆ. ಆದರೆ ಎರಕದ ಕಬ್ಬಿಣ ಕೊರೆಯುವ ಶೆಡ್‌ನಲ್ಲಿ ಹಾರುವ ಕರಿ ಪುಡಿ ಕರೆಂಟು ಹರಿಯಬಿಡುವ ಪುಡಿ. ಅದನ್ನು ಫ್ಯಾನ್ ಹಾಕಿ ಕಾರ್ಡುಗಳ ಮೇಲೆ ಎರಚಿದಂತೆ ಆಯಿತು.

ಸತ್ತಿದೆಯೋ, ಉಸಿರು ಹಿಡಿದಿದೆಯೋ

ಪ್ಯಾನಲ್ ತೆರೆದು ಮೊದಲು ಎಸ್‌ಎಂಪಿಎಸ್‌ನ ಹಸಿರು ದೀಪ ನೋಡಿ. ಅದು ಮೂರು ಬಗೆಯಲ್ಲಿ ಮಾತಾಡುತ್ತದೆ.

ದೀಪ ಪೂರ್ತಿ ಆರಿದ್ದರೆ ಇನ್‌ಪುಟ್‌ನಲ್ಲಿ ಎಸಿ ಇದೆಯೇ ಅಂತ ಅಳೆಯಿರಿ. ಟೆಸ್ಟರ್ ಸ್ಕ್ರೂಡ್ರೈವರ್ ಹೊಳೆಯಿತು ಎನ್ನುವುದನ್ನು ನಂಬಬೇಡಿ. ಎಲ್ ಮತ್ತು ಎನ್ ನಡುವೆ ಮೀಟರ್ ಇಟ್ಟು ಅಂಕಿ ನೋಡಿ. ಎಂಸಿಬಿ ಟ್ರಿಪ್ ಆಗಿರಬಹುದು, ಕಂಟ್ರೋಲ್ ಟ್ರಾನ್ಸ್‌ಫಾರ್ಮರ್‌ನ ಫ್ಯೂಸ್ ಹೋಗಿರಬಹುದು. ಒಳಗೆ 230 ಸರಿಯಾಗಿ ಬರುತ್ತಿದ್ದು, ಹೊರಗಿನ ವೈರ್ ಬಿಚ್ಚಿದ ಮೇಲೂ ಏನೂ ಇಲ್ಲ ಅಂದರೆ ಎಸ್‌ಎಂಪಿಎಸ್ ಹೋಗಿದೆ.

ದೀಪ ಮಿಣಕ್ ಮಿಣಕ್ ಅನ್ನುತ್ತಾ, ಕಿವಿಗೊಟ್ಟರೆ ಟಿಕ್ ಟಿಕ್ ಸದ್ದು ಕೇಳಿಸುತ್ತಿದ್ದರೆ ಎಸ್‌ಎಂಪಿಎಸ್ ಬಹುಮಟ್ಟಿಗೆ ಚೆನ್ನಾಗಿದೆ. ಹೊರಗೆಲ್ಲೋ ಶಾರ್ಟ್ ಇದೆ. ಅದನ್ನು ಕಂಡು ತನ್ನನ್ನು ತಾನೇ ಆರಿಸಿಕೊಂಡು, ಮತ್ತೆ ಪ್ರಯತ್ನಿಸಿ, ಮತ್ತೆ ಆರಿಸಿಕೊಳ್ಳುತ್ತಿದೆ. ಪೀಣ್ಯ ಎರಡನೇ ಹಂತದ ಒಂದು ಶೆಡ್‌ಗೆ ನಾನು ಹೋದಾಗ ಮೇಜಿನ ಮೇಲೆ ಎರಡು ಹೊಸ ಎಸ್‌ಎಂಪಿಎಸ್ ಬಿದ್ದಿದ್ದವು. "ಎರಡೂ ಡೂಪ್ಲಿಕೇಟ್ ಸಾರ್, ಹಾಕಿದ ತಕ್ಷಣ ಮಿಣುಕ್ತವೆ." ಪ್ಲಸ್ ವೈರ್‌ಗಳನ್ನು ಬಿಚ್ಚಿ ಆನ್ ಮಾಡಿದರೆ ಎರಡೂ ಗಟ್ಟಿಯಾಗಿ 24 ತೋರಿಸಿದವು. ಕವಲು ಕವಲಾಗಿ ವೈರ್ ಸೇರಿಸುತ್ತಾ ಬಂದೆವು. ಮೂರನೆಯ ಕವಲಿಗೆ ದೀಪ ಮಿಣುಕಿತು. ಅದನ್ನು ಹಿಡಿದು ಹೋದರೆ ಕೊನೆಗೆ ಸಿಕ್ಕಿದ್ದು ಚಕ್‌ನ ಫುಟ್ ಪೆಡಲ್. ಎರಕದ ತುಂಡು ಹೊತ್ತ ಟ್ರಾಲಿಯ ಚಕ್ರ ದಿನಾ ಅದರ ಕೇಬಲ್ ಮೇಲೆ ಹತ್ತಿ ಇಳಿದು, ಲೋಹದ ಕೊಳವೆಯೊಳಗೆ ವೈರ್ ಜಜ್ಜಿ ಹೋಗಿತ್ತು. ಅಂಗೈ ಅಗಲದ ಜಾಗ. ಅದಕ್ಕೆ ಎರಡು ಎಸ್‌ಎಂಪಿಎಸ್ ಬಲಿಯಾಗುವುದರಲ್ಲಿದ್ದವು.

ಮೂರನೆಯದು ಅತಿ ಕಷ್ಟದ್ದು: ದೀಪ ಉರಿಯುತ್ತಿದೆ, ಮೀಟರ್ 23.8 ತೋರಿಸುತ್ತಿದೆ, ಆದರೂ ದಿನಕ್ಕೆರಡು ಸಲ ಕಾರಣವಿಲ್ಲದೆ ಅಲಾರಂ. ಟರೆಟ್ ತಿರುಗುವ ಹೊತ್ತಿಗೇ, ಚಕ್ ಹಿಡಿಯುವ ಹೊತ್ತಿಗೇ ಬರುತ್ತಿದ್ದರೆ ಸಪ್ಲೈ ಮೇಲೆ ಅನುಮಾನ ಇರಲಿ. ಔಟ್‌ಪುಟ್ ಕೆಪಾಸಿಟರ್ ಒಣಗಿದಾಗ ಸರಾಸರಿ ವೋಲ್ಟೇಜ್ ಸರಿಯಿದ್ದರೂ ಒಳಗೆ ಏರಿಳಿತ ತುಂಬಿರುತ್ತದೆ. ಮೀಟರನ್ನು ಎಸಿಗೆ ತಿರುಗಿಸಿ ಅದೇ ಎರಡು ಟರ್ಮಿನಲ್ ಮೇಲೆ ಇಟ್ಟು ನೋಡಿ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಕೆಲವೇ ಹತ್ತು ಮಿಲಿವೋಲ್ಟ್ ಸಿಗಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡರೆ ಅದರ ಕತೆ ಮುಗಿದಿದೆ. ಮೀಟರ್‌ನಲ್ಲಿ ಮಿನ್-ಮ್ಯಾಕ್ಸ್ ಗುಂಡಿ ಇದ್ದರೆ ಒತ್ತಿಟ್ಟು ಒಂದು ಸೈಕಲ್ ಓಡಿಸಿ. ಕ್ಷಣ ಮಾತ್ರಕ್ಕೆ 20ಕ್ಕೆ ಇಳಿದದ್ದೂ ದಾಖಲಾಗುತ್ತದೆ. ಆಸಿಲೋಸ್ಕೋಪ್ ಇದ್ದವರಿಗೆ ಇನ್ನೂ ಸುಲಭ, ಆದರೆ ಅದರ ಅರ್ತ್ ಕ್ಲಿಪ್ಪನ್ನು ಅಪ್ಪಿತಪ್ಪಿಯೂ 230ರ ಕಡೆ ಹಚ್ಚಬೇಡಿ.

ಎಷ್ಟು ಇಳಿದರೆ ತೊಂದರೆ? ಪಿಎಲ್‌ಸಿಗಳ ಅಂತಾರಾಷ್ಟ್ರೀಯ ಮಾನದಂಡ ಐಇಸಿ 61131-2 ಪ್ರಕಾರ 20.4ರಿಂದ 28.8 ವೋಲ್ಟ್‌ವರೆಗೆ ನಡೆಯುತ್ತದೆ. ಫಾನುಕ್ ಸಿಎನ್‌ಸಿ ಕಂಟ್ರೋಲ್ ಅಷ್ಟು ಉದಾರಿಯಲ್ಲ. ಶೇಕಡಾ 10 ಹೆಚ್ಚುಕಡಿಮೆ, ಅಂದರೆ 21.6ರಿಂದ 26.4, ಅದೂ ಏರಿಳಿತ ಸೇರಿಸಿಕೊಂಡು.

ಒಂದೇ ದಿನ ಎರಡು ಮೂರು ಮಷಿನ್‌ಗಳ ಎಸ್‌ಎಂಪಿಎಸ್ ಒಟ್ಟಿಗೆ ಹೋಗಿದ್ದರೆ ಪ್ಯಾನಲ್ ಬಿಟ್ಟು ಮೊದಲು ಮೇನ್ ಬೋರ್ಡ್‌ಗೆ ನಡೆಯಿರಿ. ನ್ಯೂಟ್ರಲ್ ಸಡಿಲವಾಗಿ ಕಟ್ ಆದಾಗ 230 ಇರಬೇಕಾದ ಕಡೆ ವೋಲ್ಟೇಜ್ 415ರ ಹತ್ತಿರಕ್ಕೂ ಏರಬಹುದು. ನ್ಯೂಟ್ರಲ್ ಲಿಂಕ್ ಕಪ್ಪಾಗಿ ಸುಟ್ಟಿದ್ದನ್ನು ಸರಿಮಾಡದೆ ಹೊಸದನ್ನು ಹಾಕಿದರೆ ಅದೂ ಸಂಜೆಯೊಳಗೆ ಹೊಗೆ.

ನೆನಪು ಉಳಿಸಿಕೊಳ್ಳಿ

ಸಿಎನ್‌ಸಿ ಕಂಟ್ರೋಲ್‌ನ ಪ್ಯಾರಾಮೀಟರ್, ಆಫ್‌ಸೆಟ್, ಪ್ರೋಗ್ರಾಂಗಳನ್ನು ಹಲವು ಮಾದರಿಗಳಲ್ಲಿ ಒಂದು ಪುಟ್ಟ ಬ್ಯಾಟರಿ ಕಾಯುತ್ತಿರುತ್ತದೆ. ಫಾನುಕ್‌ನಲ್ಲಾದರೆ ಅದು 3 ವೋಲ್ಟ್‌ನ ಲೀಥಿಯಂ ಸೆಲ್. ಅಬ್ಸೊಲ್ಯೂಟ್ ಎನ್‌ಕೋಡರ್ ಇರುವ ಆಕ್ಸಿಸ್‌ಗಳ ಸ್ಥಾನ ನೆನಪಿಡಲು ಬೇರೆಯೇ 6 ವೋಲ್ಟ್ ಬ್ಯಾಟರಿ. ಮಷಿನ್ ದಿನಾ ಆನ್ ಆಗುತ್ತಿದ್ದಾಗ ಈ ಬ್ಯಾಟರಿಗಳಿಗೆ ಕೆಲಸ ಕಡಿಮೆ. ಎಸ್‌ಎಂಪಿಎಸ್ ಸತ್ತು, ಬದಲಿ ಬರಲು ಹತ್ತು ದಿನ ಆಯಿತು ಅಂದುಕೊಳ್ಳಿ. ಆ ಹತ್ತು ದಿನ ಮಷಿನ್‌ನ ಬುದ್ಧಿಯೆಲ್ಲ ಆ ಸೆಲ್‌ನ ಮೇಲೆ ನಿಂತಿರುತ್ತದೆ. ಸ್ಕ್ರೀನ್ ಮೂಲೆಯಲ್ಲಿ ತಿಂಗಳಿನಿಂದ 'ಬ್ಯಾಟ್' ಎಂದು ಮಿನುಗುತ್ತಿದ್ದರೂ ಯಾರೂ ಗಮನಿಸದ ಮಷಿನ್ ಆಗಿದ್ದರೆ ಅಷ್ಟೇ ಗತಿ. ನೂರಾರು ಪುಟದ ಪ್ಯಾರಾಮೀಟರ್ ಪಟ್ಟಿ ಕೈಯಲ್ಲಿ ಹೊಡೆಯುತ್ತಾ ಕೂರುವುದು ಯಾವ ಶತ್ರುವಿಗೂ ಬೇಡ.

ಆದ್ದರಿಂದ ಬ್ಯಾಕಪ್ ಅನ್ನುವುದು ಮಷಿನ್ ಚೆನ್ನಾಗಿರುವಾಗ ಮಾಡುವ ಕೆಲಸ. ಫಾನುಕ್ ಆದರೆ ಆನ್ ಮಾಡುವಾಗ ಸ್ಕ್ರೀನ್ ಕೆಳಗಿನ ಬಲತುದಿಯ ಎರಡು ಸಾಫ್ಟ್ ಕೀ ಒತ್ತಿ ಹಿಡಿದರೆ ಬೂಟ್ ಮೆನು ಬರುತ್ತದೆ. ಅಲ್ಲಿಂದ ಬ್ಯಾಟರಿ ಕಾಯುವ ಆ ನೆನಪನ್ನು, ಅಂದರೆ ಎಸ್‌ರ್ಯಾಮ್ ಅನ್ನು, ಪೂರ್ತಿ ಮೆಮೊರಿ ಕಾರ್ಡ್‌ಗೆ ಇಳಿಸಬಹುದು. ಆ ಮೆನುವಿನಲ್ಲಿ ಅಳಿಸುವ ಆಯ್ಕೆಗಳೂ ಇವೆ, ಓದದೆ ಒತ್ತಬೇಡಿ. 3 ವೋಲ್ಟ್ ಸೆಲ್ಲನ್ನು ಆಫ್ ಮಾಡಿ ಬದಲಿಸುವುದಾದರೆ 30 ನಿಮಿಷದೊಳಗೆ ಮುಗಿಸಿ. ಎನ್‌ಕೋಡರ್‌ನ 6 ವೋಲ್ಟ್ ಬ್ಯಾಟರಿಯನ್ನು ಮಾತ್ರ ಪವರ್ ಆನ್ ಇದ್ದಾಗಲೇ ಬದಲಿಸಬೇಕು. ಆಫ್ ಮಾಡಿ ಬಿಚ್ಚಿದರೆ ಆಕ್ಸಿಸ್‌ಗಳಿಗೆ ಮತ್ತೆ ರೆಫರೆನ್ಸ್ ಕೂರಿಸಬೇಕಾಗುತ್ತದೆ.

ಹೊಸದನ್ನು ಆರಿಸುವುದು

ಹಳೆಯದರ ಲೇಬಲ್ ನೋಡಿ ಅದೇ ಮಾದರಿ ತಂದರೆ ತಲೆನೋವಿಲ್ಲ. ಸಿಗದಿದ್ದರೆ ಲೇಬಲ್‌ನ ಪ್ರತಿ ಸಾಲೂ ಹೊಂದಬೇಕು. ಇನ್‌ಪುಟ್ ವಿಷಯದಲ್ಲಿ ಎರಡು ಕಡೆ ಜಾರುವ ಸಂಭವ. ಮೊದಲನೆಯದು, ಜಪಾನ್‌ನಿಂದ ಬಂದ ಮಷಿನ್‌ಗಳು 200 ವೋಲ್ಟ್‌ನವು. ಒಳಗೆ ಟ್ರಾನ್ಸ್‌ಫಾರ್ಮರ್ ಇಟ್ಟು 415ನ್ನು ಇಳಿಸಿಕೊಂಡಿರುತ್ತಾರೆ. ಅಲ್ಲಿ ಎಸ್‌ಎಂಪಿಎಸ್‌ಗೆ ಬರುವುದು ಎರಡು ಫೇಸ್, ನ್ಯೂಟ್ರಲ್ ಅಲ್ಲ. ಟರ್ಮಿನಲ್ ಮೇಲೆ ಎನ್ ಎಂದಿದ್ದರೂ ಅದೂ ಹೊಡೆಯುತ್ತದೆ. ಎರಡನೆಯದು, ಹಳೆಯ ಮಾದರಿಯ ಕೆಲವು ಎಸ್‌ಎಂಪಿಎಸ್‌ಗಳ ಪಕ್ಕೆಯಲ್ಲಿ 115/230 ಎಂಬ ಕೆಂಪು ಜಾರುಗುಂಡಿ ಇರುತ್ತದೆ. ಅದನ್ನು 115ರಲ್ಲೇ ಬಿಟ್ಟು ನಮ್ಮ 230 ಕೊಟ್ಟರೆ ಪಟಾಕಿ ಸದ್ದು ಕೇಳಬಹುದು.

ಆಂಪಿಯರ್ ಲೆಕ್ಕಕ್ಕೆ ಒಂದು ಮಾದರಿ ಹೇಳುತ್ತೇನೆ. ಕಂಟ್ರೋಲ್ ಮತ್ತು ಸ್ಕ್ರೀನ್‌ಗೆ 3, ಐ/ಓ ಕಾರ್ಡ್ ಮತ್ತು ರಿಲೇಗಳಿಗೆ ಒಂದೂವರೆ, ಒಮ್ಮೆಗೆ ಎಳೆಯುವ ಮೂರು ಸೊಲೆನಾಯ್ಡ್ ಒಂದೊಂದು 20 ವ್ಯಾಟ್ ಅಂದರೆ ಎರಡೂವರೆ, ಎಲ್‌ಇಡಿ ದೀಪಕ್ಕೆ ಅರ್ಧ. ಒಟ್ಟು ಏಳೂವರೆ. ಇದಕ್ಕೆ 10 ಆಂಪಿಯರ್‌ನದು ಬೇಕು. 7.5ರದೇ ಹುಡುಕಿ ಕೂರಿಸಿದರೆ ಬೇಸಿಗೆಯಲ್ಲಿ ಕುತ್ತು, ಯಾಕೆಂದರೆ ಪ್ಯಾನಲ್ ಒಳಗಿನ ಶಾಖ 50-60 ಡಿಗ್ರಿ ದಾಟಿದರೆ ಎಸ್‌ಎಂಪಿಎಸ್‌ಗಳು ಪೂರ್ತಿ ಆಂಪಿಯರ್ ಕೊಡುವುದಿಲ್ಲ. ಎಷ್ಟು ಡಿಗ್ರಿಗೆ ಎಷ್ಟು ಇಳಿಯುತ್ತದೆ ಎನ್ನುವ ಗೆರೆ ಅದರ ಡೇಟಾ ಶೀಟ್‌ನಲ್ಲೇ ಇರುತ್ತದೆ. ಹಾಗಂತ 20 ಆಂಪಿಯರ್‌ನದು ತಂದು ಹಾಕುವುದೂ ಜಾಣತನವಲ್ಲ. ಹಳೆಯ ಸಣ್ಣ ವೈರ್‌ಗಳಲ್ಲಿ ಶಾರ್ಟ್ ಆದಾಗ ಅಷ್ಟನ್ನೂ ಅದು ಸುರಿಯುತ್ತದೆ.

24 ವೋಲ್ಟ್ ಕಡೆ ಎಂಸಿಬಿ ಇದೆ, ಕಾಪಾಡುತ್ತದೆ ಎಂದು ನಂಬಿದವರಿಗೆ ಒಂದು ಮಾತು. ಸಿ6 ಎಂಸಿಬಿ ತಟ್ಟನೆ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 30ರಿಂದ 60 ಆಂಪಿಯರ್ ಹರಿಯಬೇಕು. ಡಿಸಿಯಲ್ಲಿ ಅದಕ್ಕೂ ಹೆಚ್ಚು. 10 ಆಂಪಿಯರ್ ಎಸ್‌ಎಂಪಿಎಸ್‌ನಿಂದ ಅಷ್ಟು ಬರುವುದೇ ಇಲ್ಲ. ಎಂಸಿಬಿ ಬೀಳುವ ಮೊದಲೇ ಎಸ್‌ಎಂಪಿಎಸ್ ಕುಸಿದು ಕೂತಿರುತ್ತದೆ, ಅದರೊಂದಿಗೆ ಸ್ಕ್ರೀನೂ. ಕೂಲಂಟ್ ಕುಡಿದ ಒಂದು ವಾಲ್ವ್ ಕಾಯಿಲ್ ಇಡೀ ಮಷಿನ್ ನಿಲ್ಲಿಸುವುದು ಹೀಗೆ. ಪ್ಯಾನಲ್‌ನಲ್ಲಿ ಜಾಗವಿದ್ದರೆ ಕಂಟ್ರೋಲ್‌ಗೆ ಒಂದು, ಸೊಲೆನಾಯ್ಡ್‌ಗಳಿಗೆ ಒಂದು, ಹೀಗೆ ಎರಡು ಎಸ್‌ಎಂಪಿಎಸ್ ಮಾಡಿ ಅವುಗಳ 0 ವೋಲ್ಟ್ ಮಾತ್ರ ಸೇರಿಸಿಬಿಡಿ ಎನ್ನುವುದು ನನ್ನ ಸಲಹೆ. ಖರ್ಚು ಸ್ವಲ್ಪ ಹೆಚ್ಚು, ನಿದ್ದೆ ಚೆನ್ನಾಗಿ ಬರುತ್ತದೆ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಳ್ಳುವುದಾದರೆ ಬಿಲ್ ಕೇಳಿ, ಲೇಬಲ್‌ನ ಅಕ್ಷರ ಓದಿ, ಕೈಯಲ್ಲಿ ತೂಗಿ ನೋಡಿ. ಅದೇ ಮಾದರಿಯ ಹಳೆಯದಕ್ಕಿಂತ ಹೊಸದು ಹಗುರಾಗಿದ್ದರೆ ಅನುಮಾನ ಪಡಲು ಕಾರಣವಿದೆ.

ಬಿಚ್ಚುವುದು, ಕಟ್ಟುವುದು

ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿರಲಿ. "ಯಾರೂ ಆನ್ ಮಾಡ್ಬೇಡ್ರಪ್ಪ" ಎಂದು ಕೂಗಿ ಹೇಳಿದ್ದು ಬೀಗವಲ್ಲ. ಶಿಫ್ಟ್ ಬದಲಾದಾಗ ಬಂದವನಿಗೆ ಅದು ಕೇಳಿಸಿರುವುದಿಲ್ಲ. ಐದು ನಿಮಿಷ ಕಾಯಿರಿ. ಡ್ರೈವ್‌ಗಳ ಮೇಲೆ ಬರೆದ ಕಾಯುವ ಹೊತ್ತು ಇನ್ನೂ ಹೆಚ್ಚಿದ್ದರೆ ಅಷ್ಟು ಕಾಯಿರಿ, ಅವುಗಳ ಚಾರ್ಜ್ ದೀಪ ಆರಲಿ. ಆಮೇಲೆ ಎಲ್-ಎನ್ ನಡುವೆ, ಎರಡರಿಂದಲೂ ಅರ್ತ್‌ಗೆ, ಪ್ಲಸ್-ಮೈನಸ್ ನಡುವೆ ಅಳೆಯಿರಿ. ಮೀಟರ್ ಸರಿಯಿದೆಯೇ ಎಂದು ಅಳೆಯುವ ಮೊದಲೂ ಆಮೇಲೂ ಕರೆಂಟಿರುವ ಇನ್ನೊಂದು ಕಡೆ ನೋಡಿಕೊಳ್ಳಿ. ಎಸ್‌ಎಂಪಿಎಸ್‌ನ ಮುಚ್ಚಳ ಮಾತ್ರ ತೆರೆಯಬೇಡಿ, ಟರ್ಮಿನಲ್‌ನಲ್ಲಿ ಸೊನ್ನೆ ತೋರಿಸಿದರೂ ಒಳಗಿನ ದೊಡ್ಡ ಕೆಪಾಸಿಟರ್ ತುಂಬಿರಬಹುದು.

ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ, ಎದುರಿನಿಂದ ಒಂದು, ಮೇಲಿನಿಂದ ಒಂದು. ವೈರ್‌ಗಳ ಮೇಲಿನ ಫೆರೂಲ್ ನಂಬರ್ ಅಳಿಸಿದ್ದರೆ ಟೇಪ್ ಸುತ್ತಿ ಬರೆಯಿರಿ. ಮೈನಸ್‌ನಿಂದ ಅರ್ತ್‌ಗೆ ಒಂದು ಗಿಡ್ಡ ಜಂಪರ್ ಇದೆಯೇ ನೋಡಿ. ಇದ್ದರೆ ಹೊಸದರಲ್ಲೂ ಇರಲೇಬೇಕು. ಆ ಜಂಪರ್ ಇದ್ದರೆ 24 ವೋಲ್ಟ್ ವೈರ್ ಎಲ್ಲಾದರೂ ಮಷಿನ್ ಮೈಗೆ ತಗುಲಿದ ತಕ್ಷಣ ಸಪ್ಲೈ ಬಿದ್ದು ತಿಳಿಸುತ್ತದೆ. ಇಲ್ಲದಿದ್ದರೆ ಮೊದಲ ದೋಷ ಸದ್ದಿಲ್ಲದೆ ಕೂತಿರುತ್ತದೆ. ಇನ್ನೊಂದು ಕಡೆ ಮತ್ತೊಂದು ದೋಷವಾದಾಗ ಎರಡೂ ಸೇರಿ ಒಂದು ಸ್ವಿಚ್ಚನ್ನು ದಾಟಿ ವಾಲ್ವ್ ತಾನಾಗಿ ಎಳೆದುಕೊಳ್ಳಬಹುದು. ಚಕ್ ತಾನಾಗಿ ಬಿಟ್ಟುಕೊಂಡರೆ ಏನಾಗುತ್ತದೆ ಎಂದು ಲೇತ್ ಮುಂದೆ ನಿಂತವರಿಗೆ ಹೇಳಬೇಕಿಲ್ಲ.

ವೈರ್ ತುದಿಗೆ ಪಿನ್ ಲಗ್ ಒತ್ತಿ ಕಟ್ಟಿ. ಅರ್ತ್ ವೈರ್ ಮೊದಲು. ಎಸ್‌ಎಂಪಿಎಸ್ ನೆಟ್ಟಗೆ ನಿಂತಿರಬೇಕು, ಅಡ್ಡ ಮಲಗಿಸಬಾರದು; ಮೇಲೆ ಕೆಳಗೆ ಗಾಳಿಗೆ ಮೂರು ನಾಲ್ಕು ಬೆರಳಿನಷ್ಟು ಜಾಗ ಬಿಡಿ.

ಔಟ್‌ಪುಟ್ ವೈರ್‌ಗಳನ್ನು ಇನ್ನೂ ಸೇರಿಸದೆ ಮೊದಲು ಬರಿಯ ಎಸ್‌ಎಂಪಿಎಸ್ ಆನ್ ಮಾಡಿ ವೋಲ್ಟೇಜ್ ನೋಡಿ, ಪುಟ್ಟ ಸ್ಕ್ರೂ ತಿರುಗಿಸಿ 24.0ಕ್ಕೆ ತನ್ನಿ. "ಕೊನೇ ಸೆನ್ಸರ್‌ಗೆ ಸಾಲ್ತಿಲ್ಲ" ಎಂದು ಇದನ್ನು 27ಕ್ಕೆ ಏರಿಸಿಟ್ಟ ಪ್ಯಾನಲ್‌ಗಳನ್ನು ಕಂಡಿದ್ದೇನೆ. ಅಲ್ಲಿ ತೊಂದರೆ ಇರುವುದು ವೈರ್‌ನಲ್ಲಿ ಅಥವಾ ಸಡಿಲ ಟರ್ಮಿನಲ್‌ನಲ್ಲಿ. ಪೆಟ್ಟು ತಿನ್ನುವುದು ಕಂಟ್ರೋಲರ್. ಮತ್ತೆ ಆಫ್ ಮಾಡಿ, ಮಷಿನ್ ಕಡೆಯ ಪ್ಲಸ್-ಮೈನಸ್ ವೈರ್‌ಗಳ ನಡುವೆ ಓಮ್ಸ್ ನೋಡಿ. ಅಂಕಿ ಮೆಲ್ಲಗೆ ಏರುತ್ತಾ ಹೋದರೆ ಒಳ್ಳೆಯದು, ಕಾರ್ಡುಗಳ ಕೆಪಾಸಿಟರ್ ತುಂಬುತ್ತಿವೆ. ಸೊನ್ನೆಯ ಹತ್ತಿರ ನಿಂತರೆ ಶಾರ್ಟ್ ಹುಡುಕಿ. ಪ್ಲಸ್ ಮೈನಸ್ ಇನ್ನೊಮ್ಮೆ ಫೋಟೊದೊಂದಿಗೆ ಹೋಲಿಸಿ. ಇಲ್ಲಿ ಅದಲು ಬದಲಾದರೆ ಸುಡುವುದು ಕಾರ್ಡು, ಎಸ್‌ಎಂಪಿಎಸ್ ಅಲ್ಲ.

ಎಮರ್ಜೆನ್ಸಿ ಬಟನ್ ಒತ್ತಿಟ್ಟೇ ಆನ್ ಮಾಡಿ. ಸ್ಕ್ರೀನ್ ಬಂದು ಅಲಾರಂ ಓದಿದ ಮೇಲೆ ಬಿಡಿ. ವರ್ಟಿಕಲ್ ಮಷಿನಿಂಗ್ ಸೆಂಟರ್ ಆಗಿದ್ದರೆ ಹೆಡ್ ಕೆಳಗೆ ಮರದ ದಿಮ್ಮಿ ಕೊಟ್ಟಿರಿ. ಜಡ್ ಆಕ್ಸಿಸ್ ಮೋಟರ್‌ನ ಬ್ರೇಕ್ 24 ವೋಲ್ಟ್ ಬಂದರೆ ಬಿಡುತ್ತದೆ, ಹೋದರೆ ಹಿಡಿಯುತ್ತದೆ. ಗೊತ್ತಿಲ್ಲದ ವೈರ್‌ಗೆ ಹೊರಗಿನಿಂದ 24 ಕೊಟ್ಟು ನೋಡುವ ಚಪಲದಲ್ಲಿ ಹೆಡ್ ಕೆಳಗೆ ಜಾರಿದರೆ ಕೈ ಉಳಿಯುವುದಿಲ್ಲ.

ಹಳೆಯ ಕಾರ್ಡ್ ಪೆಟ್ಟಿಗೆಗಳು

ಮೂವತ್ತು ನಲವತ್ತು ವರ್ಷದ ಮಷಿನ್‌ಗಳಲ್ಲಿ ಬೇರೆಯೇ ಜಾತಿಯ ಸಪ್ಲೈ ಸಿಗುತ್ತದೆ: ಒಂದರಲ್ಲೇ 5 ವೋಲ್ಟ್, ಪ್ಲಸ್ 15, ಮೈನಸ್ 15, ಜೊತೆಗೆ 24. ಇದಕ್ಕೆ ಅಂಗಡಿಯ ಬದಲಿ ಇಲ್ಲ. ಎಲ್ಲ ವೋಲ್ಟೇಜ್ ಸರಿಯಾಗಿದೆ ಎಂದು ಕಂಟ್ರೋಲ್‌ಗೆ ತಿಳಿಸುವ ಸಿಗ್ನಲ್ ವೈರೂ ಇವುಗಳಲ್ಲಿ ಇರುತ್ತದೆ. ನಾಲ್ಕು ಬೇರೆ ಎಸ್‌ಎಂಪಿಎಸ್ ಕಟ್ಟಿದರೂ ಆ ಸಿಗ್ನಲ್ ಇಲ್ಲದೆ ಕಂಟ್ರೋಲ್ ಏಳುವುದಿಲ್ಲ. 5 ವೋಲ್ಟ್ ಅಂದರೆ ಆ ಕಾಲದ ಐಸಿಗಳಿಗೆ 4.75ರಿಂದ 5.25 ಮಾತ್ರ. ಇವನ್ನು ರಿಪೇರಿಯವರ ಹತ್ತಿರವೇ ಒಯ್ಯಬೇಕು. ಟೇಬಲ್ ಮೇಲೆ ಲೋಡ್ ಇಲ್ಲದೆ ಆನ್ ಮಾಡಿ "ಬರ್ತಿಲ್ಲ" ಎಂದು ತೀರ್ಮಾನಿಸಬೇಡಿ. ಇಂಥವುಗಳಲ್ಲಿ ಹಲವು ಒಂದಿಷ್ಟು ಲೋಡ್ ಕೊಡದೆ ಶುರುವಾಗುವುದೇ ಇಲ್ಲ.

ಒಳ್ಳೆಯ ರಿಪೇರಿಯವರು ಕೆಪಾಸಿಟರ್ ಬದಲಿಸಿದ ಮೇಲೆ ನೇರವಾಗಿ 230ಕ್ಕೆ ಚುಚ್ಚುವುದಿಲ್ಲ. ಸೀರೀಸ್ ಬೋರ್ಡ್‌ಗೆ ಕೊಡುತ್ತಾರೆ: ಲೈನ್‌ನಲ್ಲಿ ಒಂದು 100 ವ್ಯಾಟ್ ಬಲ್ಬು. ಸರಿಯಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬೇ ಪೂರ್ತಿ ಉರಿಯುತ್ತದೆ, ಸಪ್ಲೈ ಉಳಿಯುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಈ ಆಟ ನಡೆಯುವುದಿಲ್ಲ. ತಂತಿಯ ಬಲ್ಬು ಸಿಗುವುದು ಈಗ ಕಷ್ಟವಾಗಿದೆ. ನಮ್ಮ ರಿಪೇರಿ ಮಿತ್ರರೊಬ್ಬರು ಒಂದು ಡಜನ್ ಕೊಂಡು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಾರೆ.

ಹೊಸ ಎಸ್‌ಎಂಪಿಎಸ್ ಹಾಕಿ ಒಂದು ಗಂಟೆ ಓಡಿದ ಮೇಲೆ ಮತ್ತೆ ಪ್ಯಾನಲ್‌ಗೆ ಬಂದು ಟರ್ಮಿನಲ್ ಸ್ಕ್ರೂಗಳನ್ನು ನೋಡುತ್ತೇನೆ. ಆಫ್ ಮಾಡಿ ಬಿಗಿ ಮಾಡಿ, ಆನ್ ಮಾಡಿ, ಟರೆಟ್ ತಿರುಗುವಾಗಿನ ಅತಿ ಕಡಿಮೆ ವೋಲ್ಟೇಜ್ ಅಳೆಯುತ್ತೇನೆ. ಆಮೇಲೆ ಮಾರ್ಕರ್ ತೆಗೆದು ಡಬ್ಬಿಯ ಪಕ್ಕೆಯಲ್ಲಿ ತಾರೀಖು, ಸೆಟ್ ಮಾಡಿದ ವೋಲ್ಟೇಜ್, ಆ ಕಡಿಮೆ ಅಂಕಿ ಬರೆಯುತ್ತೇನೆ. ಫುಟ್ ಪೆಡಲ್‌ನ ಆ ಶೆಡ್‌ನಲ್ಲಿ ಪ್ಯಾನಲ್ ಬಾಗಿಲಿನ ಒಳಮೈ ಮೇಲೆ ಇನ್ನೊಂದು ಸಾಲು ಸೇರಿದೆ, ಅದು ನನ್ನ ಅಕ್ಷರವಲ್ಲ: "ಮಿಣುಕಿದರೆ ಮೊದಲು ಪೆಡಲ್ ವೈರ್ ನೋಡಿ."